ಬೇಡವಾದ ಹಚ್ಚೆ ಮತ್ತು ಲೇಸರ್

(ಕನ್ನಡ ಕಾರ್ಯಕ್ರಮದಲ್ಲಿ ಮುಂಬಯಿಯ ಚರ್ಮರೋಗ ತಜ್ಞೆಯೊಬ್ಬರು ಆಡಿದ ಮಾತಿನ ಬರಹರೂಪ)



ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಚರ್ಮಕ್ಕೆ ಸಂಬಂಧಪಟ್ಟವನ್ನು ಬೇರೆ ತೆಗೆದಿಟ್ಟು ನನಗೆ ಕಳಿಸುತ್ತಾರೆ. ಮೊಡವೆ, ಗಜಕರ್ಣ, ಕೂದಲು ಉದುರುವುದು, ಇವು ಯಾವಾಗಲೂ ಇರುವಂಥವು. ಈಚೆಗೆ ಇವುಗಳ ಜೊತೆ ಇನ್ನೊಂದು ಸೇರಿಕೊಂಡಿದೆ, ಹಚ್ಚೆ ತೆಗೆಸುವುದು. ಹಚ್ಚೆ ಎಂದು ಯಾರೂ ಬರೆಯುವುದಿಲ್ಲ, ಟ್ಯಾಟೂ ಎಂದೇ ಬರೆಯುತ್ತಾರೆ, ಅದಿರಲಿ. ನಾನು ಗಮನಿಸಿದ್ದು ಬೇರೆ. ಹೆಚ್ಚುಕಡಿಮೆ ಪ್ರತಿಯೊಂದು ಪತ್ರದಲ್ಲೂ ಒಂದು ತಾರೀಖು ಇರುತ್ತದೆ. ಮುಂದಿನ ತಿಂಗಳು ನಿಶ್ಚಿತಾರ್ಥ. ಎರಡು ತಿಂಗಳಲ್ಲಿ ಪೊಲೀಸ್ ಭರ್ತಿ. ದಸರೆಯೊಳಗೆ ಮದುವೆ. ಅಷ್ಟರೊಳಗೆ ಲೇಸರ್ ಹಾಕಿ ಅಳಿಸಿಬಿಡಬಹುದೇ ಎಂದು ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ವಿವರಿಸುವುದೇ ಇವತ್ತಿನ ನನ್ನ ಕೆಲಸ. ಅದು ತಿಳಿಯದೆ ಅವಸರ ಮಾಡಿದವರ ಕೈಯಲ್ಲಿ ಹಚ್ಚೆಗಿಂತ ಕೆಟ್ಟದಾದ ಸುಟ್ಟ ಕಲೆಗಳನ್ನು ನಾನು ನೋಡುತ್ತಿದ್ದೇನೆ.

ಹಚ್ಚೆ ನಮಗೇನೂ ಹೊಸದಲ್ಲ. ನಿಮ್ಮಲ್ಲಿ ಅನೇಕರ ಅಜ್ಜಿಯರ ಗಲ್ಲದ ಮೇಲೆ, ಹಣೆಯ ಮೇಲೆ ಒಂದು ಹಸಿರು ಚುಕ್ಕೆ ಇದ್ದಿರಬೇಕು. ಮುಂಗೈಯಲ್ಲಿ ತುಳಸಿಕಟ್ಟೆ, ಚೇಳು, ಗಂಡನ ಹೆಸರು ಇದ್ದಿರಬಹುದು. ಊರೂರು ತಿರುಗುವ ಕೊರವಂಜಿಯರು ಬರುತ್ತಿದ್ದರು, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಸೂಜಿಯಿಂದ ಚುಚ್ಚುತ್ತಿದ್ದರು, ಅಕ್ಕಿಯೋ ಜೋಳವೋ ಪಡೆದು ಹೋಗುತ್ತಿದ್ದರು. ನಾವಿರುವ ಈ ಮಹಾರಾಷ್ಟ್ರದಲ್ಲಿ ಅದಕ್ಕೆ ಗೋಂದಣ ಎನ್ನುತ್ತಾರೆ. ಆಂಧ್ರದ ಕಡೆ ಪಚ್ಚಬೊಟ್ಟು.

ಒಮ್ಮೆ ವಿಜಯಪುರದ ಕಡೆಯ ಒಂದು ಕುಟುಂಬ ಅಜ್ಜಿಯನ್ನು ಕರೆತಂದಿತ್ತು. ಮಗ ಡೊಂಬಿವಲಿಯಲ್ಲಿ ಹೊಸ ಫ್ಲಾಟ್ ಕೊಂಡಿದ್ದ. ಅಜ್ಜಿಯ ಹಣೆ, ಗಲ್ಲ, ಎರಡು ಮುಂಗೈ, ಎಲ್ಲೆಡೆ ಹಚ್ಚೆ. ‘ಸೊಸೈಟಿಯಲ್ಲಿ ಎಲ್ಲರೂ ನೋಡುತ್ತಾರೆ, ಮುಖದ್ದಾದರೂ ತೆಗೆದುಬಿಡಿ ಮೇಡಂ’ ಎಂದು ಮೊಮ್ಮಗಳು ಕೇಳಿದಳು. ನಾನು ಅಜ್ಜಿಯ ಕಡೆ ತಿರುಗಿ ‘ನಿಮಗೇನು ಅನ್ನಿಸುತ್ತದೆ ಅಜ್ಜಿ?’ ಎಂದೆ. ‘ಅಲ್ಲ ಯವ್ವಾ, ನಾ ಸತ್ತಾಗ ಮೈಮ್ಯಾಲಿನ ಬಂಗಾರ ಎಲ್ಲಾ ಬಿಚ್ಚಿಕೋತಾರ. ಇದೊಂದ ನನ್ನ ಜೋಡಿ ಬರೂದು. ಇದನ್ನೂ ಬಿಚ್ಚಿಕೋಬೇಕೇನು?’ ಎಂದಿತು ಅಜ್ಜಿ. ಆ ದಿನ ನಾನು ಲೇಸರ್ ಯಂತ್ರದ ಸ್ವಿಚ್ಚು ಹಾಕಲಿಲ್ಲ. ಹಚ್ಚೆ ಯಾರ ಮೈಮೇಲಿದೆಯೋ ಅವರಿಗೆ ಬೇಡವಾಗಬೇಕು. ಬೇರೆಯವರಿಗೆ ನಾಚಿಕೆ ಎಂದು ತೆಗೆಯುವುದು ಚಿಕಿತ್ಸೆಯಲ್ಲ.

ಆದರೆ ತಮಗೇ ಬೇಡವಾದವರು ಬಹಳ ಮಂದಿ ಇದ್ದಾರೆ, ಮತ್ತು ಅವರ ಕಾರಣಗಳು ಸಣ್ಣವಲ್ಲ. ಅದಕ್ಕೆ ಬರುತ್ತೇನೆ. ಮೊದಲು, ಹಚ್ಚೆ ಎಲ್ಲಿರುತ್ತದೆ ನೋಡೋಣ.

ನಮ್ಮ ಚರ್ಮಕ್ಕೆ ಮುಖ್ಯವಾಗಿ ಎರಡು ಪದರ. ಹೊರಚರ್ಮ ಸದಾ ಸವೆದು ಹೊಸದಾಗುತ್ತಿರುತ್ತದೆ. ಸ್ನಾನದಲ್ಲಿ ಉಜ್ಜಿದಾಗ ಬರುವ ಮಣ್ಣಿನಲ್ಲಿ ಸತ್ತ ಹೊರಚರ್ಮವೂ ಇರುತ್ತದೆ. ಮೆಹಂದಿಯ ಬಣ್ಣ ಈ ಪದರದಲ್ಲೇ ನಿಲ್ಲುವುದರಿಂದ ಕೆಲವು ದಿನಗಳಲ್ಲಿ ಹೋಗಿಬಿಡುತ್ತದೆ. ಹಚ್ಚೆಯ ಸೂಜಿ ಇನ್ನೂ ಕೆಳಗೆ, ಒಳಚರ್ಮಕ್ಕೆ ಇಳಿಯುತ್ತದೆ. ಅಲ್ಲಿ ಬಿದ್ದ ಬಣ್ಣದ ಕಣಗಳನ್ನು ದೇಹ ಶತ್ರು ಎಂದೇ ತಿಳಿಯುತ್ತದೆ. ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಓಡಿ ಬಂದು ಕಣಗಳನ್ನು ನುಂಗುತ್ತವೆ. ರೋಗಾಣುವಾದರೆ ಅರಗಿಸಿಬಿಡುತ್ತಿದ್ದವು. ಈ ಕಣಗಳನ್ನು ಅರಗಿಸಲೂ ಆಗುವುದಿಲ್ಲ, ದೊಡ್ಡದಾದ್ದರಿಂದ ಹೊತ್ತುಕೊಂಡು ಹೊರಗೆ ಹೋಗಲೂ ಆಗುವುದಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂತುಬಿಡುತ್ತವೆ.

ಆ ಕೋಶಗಳು ಸಾಯುವುದಿಲ್ಲವೇ, ಆಗ ಬಣ್ಣ ಏನಾಗುತ್ತದೆ ಎಂದು ನೀವು ಕೇಳಬಹುದು. 2018ರಲ್ಲಿ ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಹಳೆಯ ಕೋಶ ಸತ್ತು ಬಣ್ಣವನ್ನು ಕೆಳಗೆ ಹಾಕಿದ ಕೂಡಲೇ ಪಕ್ಕದಲ್ಲಿ ಬಂದ ಹೊಸ ಕೋಶ ಅದನ್ನು ಎತ್ತಿಕೊಳ್ಳುತ್ತದೆ. ಹೊರೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆಯೇ ಹೊರತು ಊರು ಬಿಟ್ಟು ಹೋಗುವುದಿಲ್ಲ. ನೀವು ನೋಡುವ ಹಚ್ಚೆ ಈ ಹೊರೆಯೇ. ವರ್ಷಗಳು ಕಳೆದ ಮೇಲೆ ಅಂಚು ಸ್ವಲ್ಪ ಹರಡಿ ಮಸುಕಾಗುತ್ತದೆ, ಅಷ್ಟೆ.

ಹಾಗಾದರೆ ಲೇಸರ್ ಏನು ಮಾಡುತ್ತದೆ? ಬಹಳ ಜನ ಲೇಸರ್ ಎಂದರೆ ರಬ್ಬರ್ ಹಾಕಿ ಅಳಿಸಿದ ಹಾಗೆ ಎಂದುಕೊಂಡಿದ್ದಾರೆ. ಲೇಸರ್ ಅಳಿಸುವುದಿಲ್ಲ. ಒಡೆಯುತ್ತದೆ. ಕಲ್ಲುಸಕ್ಕರೆಯ ಹರಳನ್ನು ಕುಟ್ಟಿ ಪುಡಿ ಮಾಡಿದ ಹಾಗೆ ಬಣ್ಣದ ಕಣವನ್ನು ಚೂರು ಮಾಡುತ್ತದೆ. ಆ ಪುಡಿಯನ್ನು ಹೊತ್ತು ಸಾಗಿಸುವುದು ನಿಮ್ಮ ದೇಹದ ಕೆಲಸ. ಕೋಶಗಳು ಮತ್ತೆ ಬಂದು, ಈಗ ಸಣ್ಣದಾದ ಚೂರುಗಳನ್ನು ಎತ್ತಿಕೊಂಡು, ದುಗ್ಧನಾಳಗಳ ಮೂಲಕ ಮೆಲ್ಲಗೆ ಒಯ್ಯುತ್ತವೆ. ಒಂದಷ್ಟು ಬಣ್ಣ ಕಂಕುಳು, ತೊಡೆಸಂದಿಯ ದುಗ್ಧಗ್ರಂಥಿಗಳಲ್ಲಿ ಉಳಿಯುತ್ತದೆ. ಇದು ಹಚ್ಚೆ ಹಾಕಿಸಿಕೊಂಡಾಗಲೂ ಸ್ವಲ್ಪ ನಡೆದೇ ಇರುತ್ತದೆ. ಈ ಸಾಗಾಟಕ್ಕೆ ವಾರಗಳು ಬೇಕು. ಯಂತ್ರ ಎಷ್ಟೇ ದುಬಾರಿಯಾಗಿರಲಿ, ಈ ಕೂಲಿಗಳನ್ನು ಓಡಿಸಲು ಅದಕ್ಕೆ ಆಗುವುದಿಲ್ಲ.

ಇದರ ಇತಿಹಾಸವನ್ನು ಸ್ವಲ್ಪ ಹೇಳುತ್ತೇನೆ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ. ಅದು ಮಾಣಿಕ್ಯದ ಹರಳಿನ ಲೇಸರ್. ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಹಚ್ಚೆಯ ಮೇಲೆ ಪ್ರಯೋಗಿಸಿ ನೋಡಿದ. ಆದರೆ ಚರ್ಮ ಸುಡದೆ ಬಣ್ಣವನ್ನು ಮಾತ್ರ ಒಡೆಯುವುದು ಹೇಗೆ ಎಂಬ ಲೆಕ್ಕ ಸ್ಪಷ್ಟವಾದದ್ದು 1983ರಲ್ಲಿ, ಬಾಸ್ಟನ್‌ನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ವೈದ್ಯರಿಂದ. ಅವರು ಹೇಳಿದ್ದು ಎರಡು ಮಾತು. ಒಂದು, ನಿನಗೆ ಬೇಕಾದ ಬಣ್ಣ ಮಾತ್ರ ಹೀರಿಕೊಳ್ಳುವಂಥ ಬೆಳಕನ್ನು ಆರಿಸು. ಎರಡು, ಆ ಬೆಳಕನ್ನು ಬಹಳ ಕಡಿಮೆ ಹೊತ್ತು ಮಾತ್ರ ಬಿಡು.

ಎರಡನೆಯ ಮಾತು ಬಹಳ ಮುಖ್ಯ. ಚಿಕ್ಕಂದಿನಲ್ಲಿ ದೀಪದ ಕುಡಿಯಲ್ಲಿ ಬೆರಳನ್ನು ಸರ್ರನೆ ಆಡಿಸಿ ಧೈರ್ಯ ತೋರಿಸಿದ್ದು ನಿಮಗೆ ನೆನಪಿರಬಹುದು. ಸರ್ರನೆ ಆಡಿಸಿದರೆ ಸುಡುವುದಿಲ್ಲ, ನಿಲ್ಲಿಸಿ ಹಿಡಿದರೆ ಸುಡುತ್ತದೆ. ಇಲ್ಲಿಯೂ ಹಾಗೆಯೇ. ಬೆಳಕು ಕ್ಷಣಮಾತ್ರ ಬಂದರೆ ಬಿಸಿ ಬಣ್ಣದ ಕಣದಲ್ಲೇ ಉಳಿದು ಕಣ ಸಿಡಿಯುತ್ತದೆ. ಹೆಚ್ಚು ಹೊತ್ತು ಬಂದರೆ ಬಿಸಿ ಸುತ್ತಲಿನ ಚರ್ಮಕ್ಕೆ ಹರಿದು ಅದನ್ನು ಬೇಯಿಸುತ್ತದೆ. ಎಷ್ಟು ಕಡಿಮೆ ಹೊತ್ತು? ಹಚ್ಚೆ ತೆಗೆಯುವ ಕ್ಯೂ-ಸ್ವಿಚ್ಡ್ ಲೇಸರ್‌ಗಳಲ್ಲಿ ಒಂದು ಮಿಂಚು ಇರುವುದು ಕೆಲವೇ ನ್ಯಾನೋಸೆಕೆಂಡು. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ನ್ಯಾನೋಸೆಕೆಂಡು. ಅಷ್ಟರಲ್ಲಿ ಬೆಳಕೇ ಸುಮಾರು ಒಂದಡಿ ದೂರ ಮಾತ್ರ ಹೋಗುತ್ತದೆ! 2012ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಿಕೋ ಲೇಸರ್‌ಗಳದು ಇನ್ನೂ ಚಿಕ್ಕ ಮಿಂಚು, ಪಿಕೋಸೆಕೆಂಡಿನ ಲೆಕ್ಕದ್ದು. ಸೆಕೆಂಡಿನ ಒಂದು ಲಕ್ಷ ಕೋಟಿಯ ಒಂದು ಭಾಗ. ಇವು ಈಗ ನಮ್ಮ ನಗರಗಳಲ್ಲೂ ಇವೆ. ಕೆಲವು ಬಣ್ಣಗಳಿಗೆ, ಹಠಮಾರಿ ಹಚ್ಚೆಗಳಿಗೆ ಇವುಗಳಿಂದ ಬೇಗ ಫಲ ಸಿಗುತ್ತದೆ ನಿಜ. ಆದರೆ ಒಂದೇ ಸಲಕ್ಕೆ ಮಾಯ ಎಂಬ ಜಾಹೀರಾತನ್ನು ನಂಬಬೇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಐಪಿಎಲ್. ಕ್ರಿಕೆಟ್ಟಿನದಲ್ಲ. ಬ್ಯೂಟಿ ಪಾರ್ಲರುಗಳಲ್ಲಿ ಬೇಡದ ಕೂದಲು ತೆಗೆಯಲು ಇಟ್ಟಿರುತ್ತಾರಲ್ಲ, ಫಳ್ ಎಂದು ಬೆಳಕು ಬಿಡುವ ಯಂತ್ರ, ಅದು. ಅದು ಲೇಸರ್ ಅಲ್ಲ, ಬಹಳ ಪ್ರಖರವಾದ ದೀಪ. ಅದರಲ್ಲಿ ಹಲವು ಬಣ್ಣದ ಬೆಳಕು ಒಟ್ಟಿಗೆ ಇರುತ್ತದೆ. ಕೂದಲಿಗೆ, ಕೆಲವು ಕಲೆಗಳಿಗೆ ಒಳ್ಳೆಯ ಉಪಕರಣ, ಅದನ್ನು ನಾನು ದೂರುತ್ತಿಲ್ಲ. ಆದರೆ ಅದರ ಒಂದು ಮಿಂಚಿನ ಅವಧಿ ಮಿಲಿಸೆಕೆಂಡುಗಳ ಲೆಕ್ಕದ್ದು. ಹಚ್ಚೆಯ ಲೇಸರ್‌ಗಿಂತ ಸುಮಾರು ಹತ್ತು ಲಕ್ಷ ಪಟ್ಟು ದೀರ್ಘ. ಅಂದರೆ ದೀಪದಲ್ಲಿ ಬೆರಳನ್ನು ನಿಲ್ಲಿಸಿ ಹಿಡಿದ ಹಾಗೆ. ಹಚ್ಚೆಯ ಬಣ್ಣ ಆ ಬೆಳಕನ್ನು ಹೀರಿ ಕಾಯುತ್ತದೆ, ಒಡೆಯುವುದಿಲ್ಲ, ಕಾದು ಸುತ್ತಲಿನ ಚರ್ಮವನ್ನು ಸುಡುತ್ತದೆ. ಹಚ್ಚೆಯ ಆಕಾರದಲ್ಲೇ ಗಾಯವಾಗುತ್ತದೆ. ಕೂದಲು ತೆಗೆಯುವ ಲೇಸರ್‌ಗಳದೂ ಇದೇ ಕಥೆ. ಅವುಗಳ ಹೆಸರಿನಲ್ಲೂ ‘ಯಾಗ್’ ಎಂದು ಇರುತ್ತದೆ, ಹಚ್ಚೆಯ ಲೇಸರ್ ಹೆಸರಿನಲ್ಲೂ ‘ಯಾಗ್’ ಎಂದು ಇರುತ್ತದೆ, ಕೇಳುವವರಿಗೆ ಎರಡೂ ಒಂದೇ. ಆದ್ದರಿಂದ ನೀವು ಹೋದ ಕಡೆ ‘ಇದು ಕ್ಯೂ-ಸ್ವಿಚ್ಡ್ ಅಥವಾ ಪಿಕೋ ಯಂತ್ರವೇ?’ ಎಂದು ಬಾಯಿಬಿಟ್ಟು ಕೇಳಿ. ಉತ್ತರ ಹೇಳಲು ತಡವರಿಸಿದರೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬನ್ನಿ.

ನನ್ನ ಹತ್ತಿರ ಬಂದ ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಕಲಬುರಗಿ ಜಿಲ್ಲೆಯವನು, ಇಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ರಾತ್ರಿ ಒಂದು ಗೋದಾಮಿನಲ್ಲಿ ಕೆಲಸ, ಬೆಳಗ್ಗೆ ಮೈದಾನದಲ್ಲಿ ಓಟ. ಅರೆಸೇನಾ ಪಡೆಗೆ ಸೇರಬೇಕೆಂದು ಎರಡು ವರ್ಷದ ಶ್ರಮ. ಬಲಗೈಯ ಮೇಲೆ ಜಾತ್ರೆಯಲ್ಲಿ ಹಾಕಿಸಿಕೊಂಡ ಒಂದು ಹೆಸರು, ಅದರ ಸುತ್ತ ಬೆಂಕಿಯ ಜ್ವಾಲೆ. ಲಿಖಿತ ಪರೀಕ್ಷೆ ಪಾಸಾದ ಮೇಲೆ ಯಾರೋ ಹೇಳಿದರಂತೆ, ಬಲಗೈಯ ಹಚ್ಚೆಗೆ ವೈದ್ಯಕೀಯ ತಪಾಸಣೆಯಲ್ಲಿ ತೆಗೆದುಹಾಕುತ್ತಾರೆ ಎಂದು. ಹೇಳಿದ್ದು ಸುಳ್ಳಲ್ಲ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿ ಪ್ರಕಟಣೆಗಳಲ್ಲಿ ಹಚ್ಚೆಗೆ ನಿಯಮವಿದೆ. ಸೆಲ್ಯೂಟ್ ಮಾಡದ ಕೈ ಎಂದು ಎಡ ಮುಂಗೈಯ ಒಳಭಾಗಕ್ಕೆ ಅವಕಾಶ, ಹಸ್ತದ ಹಿಂಭಾಗಕ್ಕೂ ಅವಕಾಶ. ಗಾತ್ರ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಧಾರ್ಮಿಕ ಚಿಹ್ನೆ, ಹೆಸರು ಇದ್ದರೆ ಅಡ್ಡಿಯಿಲ್ಲ. ಸೇನೆಯ ನಿಯಮ ಇದಕ್ಕಿಂತ ಸ್ವಲ್ಪ ಬೇರೆ, ಬುಡಕಟ್ಟು ಸಮುದಾಯದವರಿಗೆ ಅಲ್ಲಿ ರಿಯಾಯಿತಿ ಇದೆ. ನಿಯಮ ಕಾಲಕಾಲಕ್ಕೆ ಬದಲಾಗಬಹುದು, ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿ.

ಹುಡುಗನಿಗೆ ಎರಡು ತಿಂಗಳು ಉಳಿದಿತ್ತು. ಮನೆಯ ಹತ್ತಿರದ ಒಂದು ಪಾರ್ಲರಿನಲ್ಲಿ ‘ಮೂರು ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ’ ಎಂದರು. ಹತ್ತು ದಿನಕ್ಕೊಂದರಂತೆ ಮೂರು ಸಲ ಕೂದಲಿನ ಯಂತ್ರದಿಂದ ಸುಟ್ಟರು. ಮೊದಲನೆಯ ಗಾಯ ಮಾಯುವ ಮೊದಲೇ ಎರಡನೆಯದು. ನನ್ನ ಹತ್ತಿರ ಬಂದಾಗ ಜ್ವಾಲೆಯ ಗೆರೆಗಳೆಲ್ಲ ಹಗ್ಗದಂತೆ ಉಬ್ಬಿ ನಿಂತಿದ್ದವು, ಕೀಲಾಯ್ಡ್ ಎನ್ನುತ್ತೇವೆ ಅದಕ್ಕೆ. ಆ ಉಬ್ಬಿನ ನಡುವೆ ನೀಲಿ ಬಣ್ಣ ಹಾಗೇ ಇತ್ತು, ಹೆಸರನ್ನು ಓದಬಹುದಾಗಿತ್ತು. ‘ಮೇಡಂ, ಒಂದು ಸಲ ಜೋರಾಗಿ ಹಾಕಿಬಿಡಿ, ನೋವಾದರೂ ತಡಕೊಳ್ತೀನಿ’ ಎಂದ. ತಡೆದುಕೊಳ್ಳುತ್ತಿದ್ದ, ಅನುಮಾನವಿಲ್ಲ. ಆದರೆ ತಡೆದುಕೊಳ್ಳಬೇಕಾದದ್ದು ಅವನ ಚರ್ಮ. ಆ ವರ್ಷದ ಭರ್ತಿ ಅವನಿಗೆ ತಪ್ಪಿತು. ಗಾಯದ ಉಬ್ಬಿಗೆ ಇಂಜೆಕ್ಷನ್ ಕೊಡುತ್ತ ಅದು ತಗ್ಗಲು ಏಳು ತಿಂಗಳು ಹಿಡಿಯಿತು, ಆಮೇಲೆ ಲೇಸರ್ ಶುರು ಮಾಡಿದೆವು. ನೆಟ್ಟಗೆ ಮೊದಲೇ ಶುರು ಮಾಡಿದ್ದರೆ ಅಷ್ಟರಲ್ಲಿ ಅರ್ಧ ದಾರಿ ಬಂದಿರುತ್ತಿದ್ದ.

ಎಷ್ಟು ಕಾಲ ಬೇಕು ಎಂಬುದಕ್ಕೆ ಈಗ ಲೆಕ್ಕ ಹೇಳುತ್ತೇನೆ. ಎರಡು ಸಿಟ್ಟಿಂಗುಗಳ ನಡುವೆ ಕನಿಷ್ಠ ಆರರಿಂದ ಎಂಟು ವಾರ ಬಿಡಬೇಕು. ನಾನು ಎಂಟಕ್ಕಿಂತ ಕಡಿಮೆ ಕೊಡುವುದಿಲ್ಲ. ಎಂಟು ಸಿಟ್ಟಿಂಗು ಬೇಕಾದರೆ ವರ್ಷ ದಾಟುತ್ತದೆ. 2012ರಲ್ಲಿ ಇಟಲಿಯ ವೈದ್ಯರು 352 ಜನರ ಚಿಕಿತ್ಸೆಯನ್ನು ಗಮನಿಸಿ ಪ್ರಕಟಿಸಿದ ವರದಿ ಇದೆ. ಕ್ಯೂ-ಸ್ವಿಚ್ಡ್ ಲೇಸರ್‌ನ ಹತ್ತು ಸಿಟ್ಟಿಂಗ್ ಆದ ಮೇಲೆ ಯಶಸ್ವಿಯಾಗಿ ಹಚ್ಚೆ ಹೋದದ್ದು ಶೇಕಡ 47 ಮಂದಿಗೆ, ಹದಿನೈದು ಆದ ಮೇಲೆ ಸುಮಾರು ಶೇಕಡ 75 ಮಂದಿಗೆ. ಇನ್ನೂ ಒಂದು ಅಂಶ ಅದರಲ್ಲಿತ್ತು. ಎಂಟು ವಾರ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಮಾಡಿಸಿಕೊಂಡವರಿಗೆ ಫಲ ಕಡಿಮೆ ಸಿಕ್ಕಿತ್ತು. ಅಂದರೆ ಬೇಗ ಬೇಗ ಹೋದವರು ಹಿಂದೆ ಬಿದ್ದರು. ಬೀಡಿ ಸಿಗರೇಟು ಸೇದುವವರಿಗೂ ಕಡಿಮೆ. ಚರ್ಮದ ರಕ್ತ ಸಂಚಾರ, ಗಾಯ ಮಾಯುವ ಶಕ್ತಿ ಎರಡಕ್ಕೂ ಹೊಗೆ ಕೆಟ್ಟದ್ದು. ಪಾದ, ಕಾಲಿನ ಹಚ್ಚೆ ನಿಧಾನ, ಮೈಯ ಮೇಲಿನ ಭಾಗದ್ದು ಬೇಗ. ಒಂದರ ಮೇಲೊಂದು ಹಾಕಿಸಿ ಮುಚ್ಚಿದ ಹಚ್ಚೆಗೆ ಇನ್ನೂ ಹೆಚ್ಚು ಕಾಲ ಬೇಕು. ನಮ್ಮ ಹಳ್ಳಿಯ ಮಸಿಯ ಹಚ್ಚೆ, ಗೆಳೆಯರು ಸೇರಿ ಸೂಜಿಯಲ್ಲಿ ಚುಚ್ಚಿಕೊಂಡದ್ದು, ಇವುಗಳಲ್ಲಿ ಬಣ್ಣ ಕಡಿಮೆ ಇರುವುದರಿಂದ ಸಾಮಾನ್ಯವಾಗಿ ಬೇಗ ಮಣಿಯುತ್ತವೆ. ಸಾವಿರಾರು ರೂಪಾಯಿ ಕೊಟ್ಟು ಸ್ಟುಡಿಯೋದಲ್ಲಿ ಗಟ್ಟಿ ಬಣ್ಣ ತುಂಬಿಸಿಕೊಂಡದ್ದೇ ಹೆಚ್ಚು ಕಾಡುವುದು.

ಬಣ್ಣದ ವಿಚಾರವೂ ಇದೆ. ಕಪ್ಪು ಎಲ್ಲ ಬೆಳಕನ್ನೂ ಹೀರುತ್ತದೆ, ಹಾಗಾಗಿ ಸುಲಭ. ಕೆಂಪಿಗೆ ಹಸಿರು ಬೆಳಕು ಬೇಕು, 532 ನ್ಯಾನೋಮೀಟರಿನದು. ಹಸಿರು, ನೀಲಿಗೆ ಮಾಣಿಕ್ಯ ಅಥವಾ ಅಲೆಕ್ಸಾಂಡ್ರೈಟ್ ಲೇಸರ್. ಹಳದಿ ಬಹಳ ಹಠಮಾರಿ. ಇಲ್ಲಿ ನಮ್ಮ ಮೈಬಣ್ಣದ ಪ್ರಶ್ನೆ ಬರುತ್ತದೆ. ನಮ್ಮ ಹೊರಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚು, ಅದೂ ಬೆಳಕನ್ನು ಹೀರುತ್ತದೆ. ಹಚ್ಚೆಯನ್ನು ತಲುಪಬೇಕಾದ ಬೆಳಕು ದಾರಿಯಲ್ಲಿ ಈ ನಾಕಾ ದಾಟಬೇಕು. 1064 ನ್ಯಾನೋಮೀಟರಿನ ಯಾಗ್ ಲೇಸರ್‌ನ ಕಣ್ಣಿಗೆ ಕಾಣದ ಬೆಳಕನ್ನು ಮೆಲನಿನ್ ಅಷ್ಟಾಗಿ ತಡೆಯುವುದಿಲ್ಲ, ಆದ್ದರಿಂದ ನಮ್ಮಂಥವರ ಚರ್ಮಕ್ಕೆ ಅದೇ ಹೆಚ್ಚು ಸುರಕ್ಷಿತ. ಅದು ಚೆನ್ನಾಗಿ ತೆಗೆಯುವುದು ಕಪ್ಪು, ಕಡುನೀಲಿ ಬಣ್ಣವನ್ನು. ಉಳಿದ ಬಣ್ಣಗಳಿಗೆ ಬೇರೆ ಬೆಳಕು ಹಾಕುವಾಗ ಚರ್ಮದ ಸ್ವಂತ ಬಣ್ಣವೂ ಹೋಗಿ ಬಿಳಿ ಮಚ್ಚೆ ಉಳಿಯುವ, ಇಲ್ಲವೇ ಕಪ್ಪಾಗುವ ಅಪಾಯ ಹೆಚ್ಚು. ಹೊರದೇಶದ ಬಿಳಿಯರ ಕೈಯ ಫೋಟೋ ತೋರಿಸಿ ‘ಹೀಗೆ ಆಗಬೇಕು’ ಎಂದು ಕೇಳುವವರಿಗೆ ನಾನು ಮೊದಲು ಒಂದು ಮೂಲೆಯಲ್ಲಿ ನಾಲ್ಕೈದು ಮಿಂಚು ಮಾತ್ರ ಹಾಕಿ ಕೆಲವು ವಾರ ಬಿಟ್ಟು ಬನ್ನಿ ಎನ್ನುತ್ತೇನೆ. ಆ ಪರೀಕ್ಷೆ ಮಾಡದೆ ಮೊದಲ ದಿನವೇ ಪೂರ್ತಿ ಕೈಗೆ ಹಾಕುವವರ ಹತ್ತಿರ ಹೋಗಬೇಡಿ.

ಹೆಂಗಸರಿಗೆ ಒಂದು ಮಾತು. ಹುಬ್ಬು ತೀಡಿಸಿಕೊಳ್ಳುವುದು, ತುಟಿಗೆ ಬಣ್ಣ ತುಂಬಿಸುವುದು, ‘ಪರ್ಮನೆಂಟ್ ಮೇಕಪ್’ ಎಂದು ಮಾಡುತ್ತಾರಲ್ಲ, ಅದೂ ಹಚ್ಚೆಯೇ. ಅದರಲ್ಲಿ ಬಿಳಿ, ಚರ್ಮದ ಬಣ್ಣ, ಗುಲಾಬಿ ಬರಲು ಟೈಟಾನಿಯಂ, ಕಬ್ಬಿಣದ ಆಕ್ಸೈಡುಗಳನ್ನು ಬೆರೆಸಿರುತ್ತಾರೆ. ಅದರ ಮೇಲೆ ಲೇಸರ್ ಬಿದ್ದರೆ ಕ್ಷಣದಲ್ಲಿ ಕಪ್ಪಾಗಿಬಿಡಬಹುದು. ಗುಲಾಬಿ ತುಟಿಯ ಅಂಚು ಮಸಿ ಬಳಿದಂತಾಗುತ್ತದೆ. ಆಮೇಲೆ ಅದನ್ನು ತೆಗೆಯಲು ಇನ್ನಷ್ಟು ಸಿಟ್ಟಿಂಗ್ ಬೇಕು. ಮುಖದ ವಿಷಯದಲ್ಲಿ ಸಣ್ಣ ಪರೀಕ್ಷೆಯಿಲ್ಲದೆ ಮುಂದುವರಿಯಲೇಬಾರದು.

ಚಿಕಿತ್ಸೆಯ ದಿನ ಏನಾಗುತ್ತದೆ? ಮೊದಲು ಕಣ್ಣಿಗೆ ಕನ್ನಡಕ, ವೈದ್ಯರಿಗೂ ನಿಮಗೂ. ಆ ಬೆಳಕು ಕಣ್ಣಿಗೆ ಕಾಣದಿದ್ದರೂ ಅಕ್ಷಿಪಟಲವನ್ನು ಸುಡಬಲ್ಲದು, ಆದ್ದರಿಂದ ಕನ್ನಡಕ ಕೊಡದ ಕಡೆ ಕೂರಬೇಡಿ. ನೋವು ಹೇಗಿರುತ್ತದೆ ಎಂದರೆ ಒಗ್ಗರಣೆಯ ಸಾಸಿವೆ ಸಿಡಿದು ಕೈಗೆ ತಾಗಿದ ಹಾಗೆ, ಟಪ್ ಟಪ್ ಎಂದು ಒಂದರ ಹಿಂದೊಂದು. ಅಂಗೈಯಗಲದ ಹಚ್ಚೆಗೆ ಕೆಲವೇ ನಿಮಿಷದ ಕೆಲಸ. ಹಾಕಿದ ತಕ್ಷಣ ಹಚ್ಚೆಯ ಮೇಲೆ ವಿಭೂತಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅದು ಒಳಗೆ ಎದ್ದ ಸಣ್ಣ ಗುಳ್ಳೆಗಳಿಂದ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಹೋಗುತ್ತದೆ. ಅದನ್ನು ನೋಡಿ ಹಚ್ಚೆಯೇ ಹೋಯಿತೆಂದು ಸಂತೋಷಪಟ್ಟವರೂ ಇದ್ದಾರೆ! ಮರುದಿನ ಊತ, ಕೆಲವರಿಗೆ ನೀರುಗುಳ್ಳೆ. ಗುಳ್ಳೆ ಒಡೆಯಬೇಡಿ, ಹಕ್ಕಳೆ ಕಟ್ಟಿದರೆ ಕೀಳಬೇಡಿ. ಹೇಳಿದ ಮುಲಾಮು ಹಚ್ಚಿ ಬಟ್ಟೆ ಮುಚ್ಚಿ. ಲೋಕಲ್ ಟ್ರೇನಿನಲ್ಲಿ ಕಿಟಕಿ ಪಕ್ಕದ ಬಿಸಿಲಿಗೆ ಆ ಕೈ ಒಡ್ಡಿಕೊಂಡು ಕೂರಬೇಡಿ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಮುಂದಿನ ಸಲ ಲೇಸರ್ ಹಾಕುವುದು ಅಪಾಯ.

ನೋವು ತಗ್ಗಿಸಲು ಮರಗಟ್ಟಿಸುವ ಮುಲಾಮು ಹಚ್ಚುತ್ತೇವೆ. ಅದನ್ನು ವೈದ್ಯರೇ ಅಳತೆ ನೋಡಿ ಹಚ್ಚಲಿ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಕೂದಲು ತೆಗೆಸಲು ಹೊರಟಿದ್ದ ಇಬ್ಬರು ಯುವತಿಯರು ಇಂಥ ಮುಲಾಮನ್ನು ಕಾಲಿಗೆಲ್ಲ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡು, ಔಷಧ ರಕ್ತಕ್ಕೆ ಸೇರಿ, ಪ್ರಜ್ಞೆ ತಪ್ಪಿ ತೀರಿಕೊಂಡಿದ್ದರು. ಮುಲಾಮು ತಾನೇ ಎಂದು ಉಡಾಫೆ ಬೇಡ.

ಲೇಸರ್ ದುಬಾರಿ ಎಂದು ಮನೆಮದ್ದಿಗೆ ಹೋಗುವವರಿದ್ದಾರೆ. ಸುಣ್ಣ, ಗೇರುಬೀಜದ ಸಿಪ್ಪೆಯ ಎಣ್ಣೆ, ಉಪ್ಪು ಹಾಕಿ ಉಜ್ಜುವುದು, ಅಂಗಡಿಯಲ್ಲಿ ಸಿಗುವ ಆಸಿಡ್ ಕ್ರೀಮು. ಇವು ಮೇಲಿನ ಚರ್ಮವನ್ನು ಸುಟ್ಟು ಗಾಯ ಮಾಡುತ್ತವೆ, ಬಣ್ಣ ಇರುವುದು ಅದರ ಕೆಳಗೆ. ಉಪ್ಪಿನಿಂದ ಉಜ್ಜುವ ವಿಧಾನ ಲೇಸರ್ ಬರುವ ಮುಂಚೆ ವೈದ್ಯರಲ್ಲೇ ಇತ್ತು, ಹಚ್ಚೆ ತೆಗೆಯುವ ಔಷಧವನ್ನು ಆರನೆಯ ಶತಮಾನದ ಗ್ರೀಕ್ ವೈದ್ಯ ಏಟಿಯಸ್ ಕೂಡ ಬರೆದಿಟ್ಟಿದ್ದಾನೆ. ಬೇಡವಾದ ಹಚ್ಚೆಯ ಸಂಕಟ ಅಷ್ಟು ಹಳೆಯದು. ಆಗ ಬೇರೆ ದಾರಿ ಇರಲಿಲ್ಲ, ಕಲೆ ಉಳಿಯುತ್ತಿತ್ತು. ತೀರ ಸಣ್ಣ ಹಚ್ಚೆಯಾದರೆ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಹೊಲಿಗೆ ಹಾಕಬಹುದು. ಒಂದು ಗೆರೆಯ ಗುರುತು ಉಳಿಯುತ್ತದೆ, ಆದರೆ ಒಂದೇ ದಿನದಲ್ಲಿ ಮುಗಿಯುತ್ತದೆ. ತಾರೀಖು ಇಟ್ಟುಕೊಂಡು ಬರುವವರಲ್ಲಿ ಕೆಲವರಿಗೆ ನಾನು ಇದನ್ನೇ ಹೇಳುವುದುಂಟು.

ಕೊನೆಗೆ, ಮೊದಲೇ ಬರುತ್ತೇನೆಂದ ಕಾರಣಗಳು. ನನ್ನ ಹತ್ತಿರ ಹೆಸರು ಅಳಿಸಲು ಬರುವವರಲ್ಲಿ ಹೆಂಗಸರೇ ಹೆಚ್ಚು. ಬಿಟ್ಟುಹೋದ ಗಂಡನ ಹೆಸರು, ಹೊಡೆಯುತ್ತಿದ್ದವನ ಹೆಸರು. ಒಬ್ಬ ಹೆಣ್ಣುಮಗಳು ಒಂದೂವರೆ ವರ್ಷ, ಒಂಬತ್ತು ಸಿಟ್ಟಿಂಗ್, ಪ್ರತಿ ಸಲವೂ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಕಲ್ಯಾಣದಿಂದ ಬರುತ್ತಿದ್ದಳು. ಐದನೆಯ ಸಲ ಹೆಸರಿನ ಮೊದಲ ಅಕ್ಷರ ಓದಲು ಬರದಂತಾಯಿತು. ‘ಇಷ್ಟು ಸಾಕು ಅಕ್ಕಾ, ಇನ್ನು ನನಗೆ ತೋಳಿಲ್ಲದ ರವಿಕೆ ಹಾಕೋಕೆ ಆಗತ್ತೆ’ ಎಂದಳು. ಆಮೇಲೆ ತಾನೇ ಮನಸ್ಸು ಬದಲಿಸಿ ಉಳಿದದ್ದನ್ನೂ ಮುಗಿಸಿದಳು. ಕಣ್ಣಿಟ್ಟು ನೋಡಿದರೆ ಈಗಲೂ ಅಲ್ಲಿ ಸ್ವಲ್ಪ ತಿಳಿಯಾದ ನೆರಳಿದೆ, ಸೂಜಿ ಮಾಡಿದ ಗಾಯದ ಗುರುತು. ಅದನ್ನು ಲೇಸರ್ ತೆಗೆಯುವುದಿಲ್ಲ. ಮೊದಲ ದಿನವೇ ಹೇಳಿದ್ದೆ, ಅವಳು ಒಪ್ಪಿದ್ದಳು. ಇಂಥವರಿಗೆ ಪೂರ್ತಿ ಹೋಗುವುದು ಯಾವಾಗಲೂ ಬೇಕಾಗಿರುವುದಿಲ್ಲ, ಓದಲು ಬರದಂತಾದರೆ ಸಾಕಾಗಿರುತ್ತದೆ. ಅದಕ್ಕೆ ಸಿಟ್ಟಿಂಗೂ ಹಣವೂ ಕಡಿಮೆ ಸಾಕು. ನಿಮಗೆ ನಿಜವಾಗಿ ಏನು ಬೇಕು ಎಂದು ವೈದ್ಯರಿಗೆ ಬಿಡಿಸಿ ಹೇಳಿ, ಸಂಕೋಚ ಬೇಡ.

ಹಣದ ವಿಷಯ. ಹಚ್ಚೆಯ ಗಾತ್ರ ನೋಡಿ ಸಿಟ್ಟಿಂಗಿಗೆ ಇಷ್ಟೆಂದು ತೆಗೆದುಕೊಳ್ಳುತ್ತಾರೆ, ಊರಿಂದ ಊರಿಗೆ ಬಹಳ ವ್ಯತ್ಯಾಸ. ಆರೋಗ್ಯ ವಿಮೆ ಸಾಮಾನ್ಯವಾಗಿ ಇದಕ್ಕೆ ಹಣ ಕೊಡುವುದಿಲ್ಲ. ದೊಡ್ಡ ನಗರಗಳ ಕೆಲವು ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಈ ಲೇಸರ್ ಇದೆ, ಅಲ್ಲಿ ಖರ್ಚು ಬಹಳ ಕಡಿಮೆ, ಸರದಿ ಉದ್ದ. ಎಂಟು ವಾರ ಹೇಗೂ ಕಾಯಲೇಬೇಕಾದ್ದರಿಂದ ಸರದಿ ಅಷ್ಟು ಭಾರವೆನಿಸದು, ಒಮ್ಮೆ ವಿಚಾರಿಸಿ ನೋಡಿ. ಆರು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡವಾಗಿ ಪೂರ್ತಿ ಹಣ ಕೊಡಬೇಡಿ. ಬಸುರಿಯರು ಹೆರಿಗೆಯಾಗುವ ತನಕ ಮುಂದೂಡಿ. ಕೆಂಪು ಬಣ್ಣದ ಭಾಗದಲ್ಲಿ ತುರಿಕೆ, ಗಂಟು ಇದ್ದರೆ ಮೊದಲೇ ಹೇಳಿ, ಅದು ಅಲರ್ಜಿ ಇರಬಹುದು. ಲೇಸರ್ ಬಣ್ಣವನ್ನು ಒಡೆದಾಗ ಅಲರ್ಜಿ ಮೈಯೆಲ್ಲ ಹರಡುವುದುಂಟು. ಹಿಂದೆ ಕಿವಿ ಚುಚ್ಚಿಸಿದ ಜಾಗದಲ್ಲೋ ಗಾಯವಾದ ಕಡೆಯೋ ಗಂಟು ಬೆಳೆದಿದ್ದರೆ ಅದನ್ನೂ ಹೇಳಿ.

ಪ್ರಶ್ನೆ ಇರುವವರು ಕಾರ್ಯಕ್ರಮದ ವಿಳಾಸಕ್ಕೆ ಬರೆಯಿರಿ. ಬರೆಯುವಾಗ ಹಚ್ಚೆ ಎಲ್ಲಿದೆ, ಎಷ್ಟು ವರ್ಷದ್ದು, ಯಾವ ಬಣ್ಣ, ಮೊದಲು ಏನಾದರೂ ಹಚ್ಚಿ ಸುಟ್ಟುಕೊಂಡಿದ್ದೀರಾ, ಇಷ್ಟನ್ನು ತಿಳಿಸಿ. ತಾರೀಖು ಇದ್ದರೆ ಅದನ್ನೂ ಬರೆಯಿರಿ, ಬೈಯುವುದಿಲ್ಲ.